ಬೈನೆ ಮರದ ಹೆಸರಿನ ಮ್ಯೂಸಿಯಂ

ವಿಯೆಟ್ನಾಂಗೆ ಹೋಗಿ ಬಂದವರ ಫೋಟೋಗಳು ಈಗ ನಮ್ಮ ಆಫೀಸಿನ ಎಲ್ಲ ವಾಟ್ಸಾಪ್ ಗ್ರೂಪುಗಳಲ್ಲೂ ಇವೆ. ಬಾ ನಾ ಬೆಟ್ಟದ ಮೇಲೆ ಎರಡು ದೊಡ್ಡ ಕೈಗಳು ಎತ್ತಿ ಹಿಡಿದಿರುವ ಚಿನ್ನದ ಬಣ್ಣದ ಸೇತುವೆ, ಹೋಯಿ ಆನ್ ಬೀದಿಯ ಬಣ್ಣದ ಲಾಂದ್ರಗಳು, ಹಾ ಲಾಂಗ್ ಕೊಲ್ಲಿಯ ದೋಣಿ. ಆ ಸೇತುವೆ ತೆರೆದದ್ದು 2018ರಲ್ಲಿ. ಕೈಗಳು ಫೈಬರ್ ಗ್ಲಾಸಿನವು, ಪಾಚಿ ಹಿಡಿದು ಬಿರುಕು ಬಿಟ್ಟ ಹಳೇ ಕಲ್ಲಿನ ಹಾಗೆ ಕಾಣಲಿ ಅಂತ ಮಾಡಿದ್ದು. ಆಡಿಕೊಳ್ಳೋದಕ್ಕೆ ಹೇಳ್ತಿಲ್ಲ, ನಾನೂ ಅಲ್ಲಿ ನಿಂತು ಫೋಟೋ ತೆಗೆಸಿಕೊಂಡವನೇ. ಆದರೆ ಅದೇ ಊರಿನ ಇನ್ನೊಂದು ಬದಿಯಲ್ಲಿ, ಸಮುದ್ರದ ಪಕ್ಕದ ಕಾಡಿನೊಳಗೆ, ನಿಜವಾಗಿಯೂ ಹಳೆಯದಾದ ವಸ್ತುಗಳನ್ನು ಒಬ್ಬರು ಕೂಡಿಟ್ಟಿದ್ದಾರೆ. ಆ ಫೋಟೋಗಳಲ್ಲಿ ಅದು ಕಾಣೋದಿಲ್ಲ. ಅದರ ಬಗ್ಗೆ ಬರೆಯಬೇಕು ಅನ್ನಿಸಿತು.

ಡಾ ನಾಂಗ್ ಮಧ್ಯ ವಿಯೆಟ್ನಾಂನ ದೊಡ್ಡ ಊರು, ಬಂದರು. ಊರಿನ ಈಶಾನ್ಯಕ್ಕೆ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಬೆಟ್ಟವೇ ಸೋನ್ ತ್ರಾ ಪರ್ಯಾಯ ದ್ವೀಪ. ಎತ್ತರ 700 ಮೀಟರಿಗೆ ಸ್ವಲ್ಪ ಕಡಿಮೆ. ಊರಿನಿಂದ ಸ್ಕೂಟರಿನಲ್ಲಿ ಹೊರಟರೆ ಅರ್ಧ ಗಂಟೆಯೊಳಗೆ ಕಾಡು ಶುರುವಾಗುತ್ತೆ. ಮೊಣಕಾಲಿಗೆ ಕೆಂಪು ಸಾಕ್ಸ್ ಹಾಕಿಕೊಂಡಂತೆ ಕಾಣುವ ಡೂಕ್ ಲಂಗೂರ್ ಎಂಬ ಅಪರೂಪದ ಕೋತಿಗಳು ಇಲ್ಲಿ ಈಗಲೂ ಇವೆ. 1977ರಿಂದ ಇದು ಸಂರಕ್ಷಿತ ಕಾಡು. ಅದಕ್ಕೂ ಮೊದಲು ಅಮೆರಿಕನ್ ಸೈನಿಕರು ಇದನ್ನು 'ಮಂಕಿ ಮೌಂಟನ್' ಅಂತ ಕರೆದು ತುದಿಯಲ್ಲಿ ರೇಡಾರ್ ನಿಲ್ಲಿಸಿದ್ದರು. ಅವರಿಗೂ ನೂರು ವರ್ಷ ಮುಂಚೆ, 1858ರ ಸೆಪ್ಟೆಂಬರ್ 1ರಂದು, ಫ್ರೆಂಚ್ ಮತ್ತು ಸ್ಪ್ಯಾನಿಷ್ ಹಡಗುಗಳು ಇದೇ ಬೆಟ್ಟದ ಬುಡದಲ್ಲಿ ಗುಂಡು ಹಾರಿಸಿ ಇಳಿದಿದ್ದವು. ವಿಯೆಟ್ನಾಂ ಫ್ರೆಂಚರ ಕೈಗೆ ಹೋಗಿದ್ದರ ಮೊದಲ ಅಧ್ಯಾಯ ಅದು. ಆಗ ಕಾಯಿಲೆ ಬಿದ್ದು, ಗುಂಡು ತಿಂದು ಸತ್ತ ಯುರೋಪಿನ ಸೈನಿಕರ ಸಣ್ಣ ಸ್ಮಶಾನವೊಂದು ಬೆಟ್ಟದ ಮಗ್ಗುಲಲ್ಲಿ ಇನ್ನೂ ಇದೆ.

ಪ್ರವಾಸಿಗರ ಬಸ್ಸುಗಳೆಲ್ಲ ಇಲ್ಲಿ ಲಿನ್ ಉಂಗ್ ಪಗೋಡಾಕ್ಕೆ ಹೋಗುತ್ತವೆ. 67 ಮೀಟರ್ ಎತ್ತರದ ಬಿಳಿಯ ಕ್ವಾನ್ ಆಮ್ ಮೂರ್ತಿ ಅಲ್ಲಿದೆ. ನಮ್ಮ ಅವಲೋಕಿತೇಶ್ವರ ಚೀನಾ ದಾರಿಯಲ್ಲಿ ಅಮ್ಮನಾಗಿ ಅಲ್ಲಿಗೆ ತಲುಪಿದ ರೂಪ. ಅದೇ ಕರಾವಳಿ ರಸ್ತೆಯಲ್ಲಿ, ಮರಗಳ ಮರೆಯಲ್ಲಿ ಒಂದು ಬೋರ್ಡು: ಡೋಂಗ್ ಡಿನ್ ಮ್ಯೂಸಿಯಂ. ಡೋವಾನ್ ಹುಯ್ ಝಾವ್ ಅನ್ನುವ ಸಿನಿಮಾ ನಿರ್ದೇಶಕರು ತಮ್ಮ ಜೀವಮಾನದ ಸಂಗ್ರಹವನ್ನು ಇಟ್ಟು 2011ರಲ್ಲಿ ತೆರೆದ ಖಾಸಗಿ ಮ್ಯೂಸಿಯಂ.

ಡೋಂಗ್ ಡಿನ್ ಅಂದ್ರೆ ಒಂದು ಮರದ ಹೆಸರು. ಆ ಕಾಡಿನಲ್ಲಿ ಬೆಳೆಯುವ ಒಂದು ಜಾತಿಯ ತಾಳೆ. ಎಲೆಯ ತುದಿ ಮೀನಿನ ಬಾಲವನ್ನು ಕತ್ತರಿಸಿ ಅಂಟಿಸಿದ ಹಾಗೆ. ನೋಡಿದ ಕೂಡಲೇ ನಾನು "ಅರೆ, ಬೈನೆ!" ಅಂದೆ. ತೀರ್ಥಹಳ್ಳಿ ಕಡೆ ಹುಟ್ಟಿ ಬೆಳೆದವರಿಗೆ ಬೈನೆ ಮರ ಪರಿಚಯಿಸಬೇಕಾಗಿಲ್ಲ. ಇದರದ್ದೇ ಹೆಂಡ ಇಳಿಸ್ತಾರೆ, ಆನೆಗೆ ಇದರ ಸೊಪ್ಪು ಅಂದ್ರೆ ಪ್ರಾಣ. ಅಲ್ಲಿಯದು ನಮ್ಮ ಬೈನೆಯೇ ಅಲ್ಲ, ಅದರ ದಾಯಾದಿ. ಆದರೂ ಮೂರು ಸಾವಿರ ಕಿಲೋಮೀಟರ್ ಆಚೆ ಪರಿಚಯದ ಮರವೊಂದರ ಹೆಸರಿಟ್ಟುಕೊಂಡ ಮ್ಯೂಸಿಯಂ ಸಿಕ್ಕಿದ್ದು ಖುಷಿಯಾಯ್ತು.

ಒಳಗೆ ಹೋದರೆ ಮ್ಯೂಸಿಯಂ ಅನ್ನಿಸೋದೇ ಇಲ್ಲ. ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಮನೆ, ಮಧ್ಯೆ ಮೆಟ್ಟಿಲು, ಬಂಡೆ, ಮರದ ಬೇರು. ಒಂದು ಕಡೆ ಪುರಾತನ ವಸ್ತುಗಳು, ಇನ್ನೊಂದು ಕಡೆ ಈ ಕಾಲದ ಕಲಾವಿದರ ಚಿತ್ರಗಳು, ಮತ್ತೊಂದು ಕಡೆ ಮೀನುಗಾರರ ಹಳ್ಳಿಯ ನೆನಪು. ನಾನು ಹೋದ ದಿನ ಜನ ಬೆರಳೆಣಿಕೆಯಷ್ಟು. ಪಿಚಿಪಿಚಿ ಮಳೆ.

ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿರುವ ಹಳೇ ಮರದ ಮನೆಗಳು. ನೂರು ವರ್ಷ ದಾಟಿದವು. ಮಧ್ಯ ವಿಯೆಟ್ನಾಂನಲ್ಲಿ ಇಂಥ ಮನೆಗೆ 'ನ್ಯಾ ರೂಂಗ್' ಅಂತಾರೆ. ಕಂಬ, ತೊಲೆ, ಜಂತಿ ಎಲ್ಲವನ್ನೂ ಮೊಳೆಯಿಲ್ಲದೆ ಒಂದರೊಳಗೊಂದು ಕೂರಿಸಿ ನಿಲ್ಲಿಸುವ ಕೆಲಸ. ಹಾಗಾಗಿ ಇಡೀ ಮನೆಯನ್ನು ಬಿಚ್ಚಿ, ಗಾಡಿಯಲ್ಲಿ ಹೇರಿ, ಬೇರೆ ಊರಲ್ಲಿ ಮತ್ತೆ ಜೋಡಿಸಬಹುದು. ಅಲ್ಲಿನ ಹಳ್ಳಿಗಳಲ್ಲಿ ಇದಕ್ಕೆ ಬಹಳ ಬೇಕಾಗಿದ್ದ ಮರ ಯಾವುದು ಗೊತ್ತಾ? ಹಲಸು. ಗೆದ್ದಲು ಹತ್ತೋದು ಕಡಿಮೆ, ವರ್ಷ ಕಳೆದ ಹಾಗೆ ಹಳದಿ ಹೋಗಿ ಕೆಂಪುಕಪ್ಪು ಬಣ್ಣ ಬರುತ್ತೆ. ಹೋಯಿ ಆನ್ ಎದುರಿನ ಕಿಮ್ ಬೋಂಗ್ ಅನ್ನುವ ಊರಿನ ಬಡಗಿಗಳು ಈ ಕೆಲಸಕ್ಕೆ ಹೆಸರಾದವರು. ಮಾಡಿಗೆ ಒಂದರ ಮೇಲೊಂದು ಕವುಚಿ ಹಾಕಿದ ಹೆಂಚು, ಹೆಚ್ಚು ಕಡಿಮೆ ನಮ್ಮ ನಾಡಹೆಂಚಿನ ಹಾಗೇ. ಕಂಬವನ್ನು ಮುಟ್ಟಿ ನೋಡಿದರೆ ನಮ್ಮ ಹಳೇ ಮನೆಯ ಜಗಲಿಯ ಕಂಬದ ಅದೇ ನುಣುಪು. ತಲೆಮಾರುಗಳ ಬೆನ್ನು ಒರಗಿ ಆದ ನುಣುಪು.

ಮನೆಯೊಂದನ್ನು ಬಿಚ್ಚಿ ತಂದು ಉಳಿಸುವುದು ನಮಗೇನೂ ಹೊಸದಲ್ಲ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದವರಿಗೆ ಇದು ಗೊತ್ತಿರುತ್ತೆ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು ಕೀಳಲು ಹೊರಟಿದ್ದ ಮನೆಗಳನ್ನು ಹುಡುಕಿ, ಬಿಚ್ಚಿಸಿ, ತಂದು ಮತ್ತೆ ನಿಲ್ಲಿಸಿದರು. ಅವರು 2017ರಲ್ಲಿ ತೀರಿಕೊಂಡರು, ಮನೆಗಳು ನಿಂತಿವೆ. ಇಂಥ ಕೆಲಸ ಮಾಡುವವರನ್ನು ಊರಿನವರು ಮೊದಲು ಹುಚ್ಚ ಅಂತಾರೆ, ಆಮೇಲೆ ಟಿಕೆಟ್ ತಗೊಂಡು ನೋಡೋಕೆ ಹೋಗ್ತಾರೆ.

ಈಗ ಪುರಾತನ ವಸ್ತುಗಳ ಕಡೆ ಬರೋಣ. ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು, ಬೇಜಾರು ಮಾಡ್ಕೋಬೇಡಿ.

ಆ ಸಂಗ್ರಹದಲ್ಲಿ ಅತಿ ಹಳೆಯದು ಸಾ ಹುಯಿನ್ ಸಂಸ್ಕೃತಿಯದ್ದು. ಡಾ ನಾಂಗ್‌ನ ದಕ್ಷಿಣಕ್ಕೆ ಕ್ವಾಂಗ್ ಎನ್‌ಗಾಯ್ ಪ್ರಾಂತ್ಯದಲ್ಲಿ ಸಾ ಹುಯಿನ್ ಅನ್ನುವ ಕಡಲ ದಂಡೆಯ ಊರಿದೆ. 1909ರಲ್ಲಿ ಅಲ್ಲಿನ ಮರಳುದಿಬ್ಬದಲ್ಲಿ ವಿನೆ ಅನ್ನುವ ಫ್ರೆಂಚ್ ಅಧಿಕಾರಿಯೊಬ್ಬನಿಗೆ ಸುಮಾರು 200 ದೊಡ್ಡ ಮಡಕೆಗಳು ಕಾಣಿಸಿದವು. ಸತ್ತವರನ್ನೋ ಅವರ ಬೂದಿಯನ್ನೋ ಮಡಕೆಯಲ್ಲಿಟ್ಟು, ಟೋಪಿಯಂಥ ಮುಚ್ಚಳ ಮುಚ್ಚಿ, ಜೊತೆಗೆ ಮಣಿ, ಕಬ್ಬಿಣದ ಕತ್ತಿ, ಕಿವಿಯ ಆಭರಣ ಇಟ್ಟು ಹೂಳುತ್ತಿದ್ದರು. ಈ ಜನರ ಕಾಲ ಹೆಚ್ಚು ಕಡಿಮೆ ಕ್ರಿ.ಪೂ. 1000ದಿಂದ ಕ್ರಿ.ಶ. 200ರವರೆಗೆ.

ಅವರ ಕಿವಿಯೋಲೆಗಳಲ್ಲಿ ಒಂದು ವಿಶೇಷ ಇದೆ. ಮಧ್ಯೆ ಕೊಕ್ಕೆ, ಎರಡೂ ಕಡೆ ಕೊಂಬಿರುವ ಪ್ರಾಣಿಯ ತಲೆ. ಬೆರಳಿನ ಎರಡು ಗೆಣ್ಣಿನಷ್ಟು ಚಿಕ್ಕದು. ಇಂಥವು ಫಿಲಿಪೀನ್ಸ್, ಥಾಯ್ಲೆಂಡ್‌ನಲ್ಲೂ ಸಿಕ್ಕಿವೆ. ಅವುಗಳ ಹಸಿರು ಕಲ್ಲನ್ನು ಪರೀಕ್ಷೆ ಮಾಡಿದಾಗ ಬಹಳಷ್ಟು ಕಲ್ಲು ಪೂರ್ವ ತೈವಾನ್‌ನ ಫೆಂಗ್‌ಟಿಯನ್ ಅನ್ನುವ ಒಂದೇ ಜಾಗದ್ದು ಅಂತ ಗೊತ್ತಾಯ್ತು. ಎರಡು ಸಾವಿರ ವರ್ಷದ ಹಿಂದೆ ಕಲ್ಲು ಹಡಗು ಹತ್ತಿ ಸಮುದ್ರ ದಾಟಿದೆ. ಆ ಮಡಕೆಗಳಲ್ಲೇ ಸಿಗುವ ಕೆಂಪು ಕಾರ್ನೀಲಿಯನ್ ಮಣಿಗಳ ಹಿಂದೆ ಭಾರತದ ನಂಟಿದೆ. ಮಣಿ ಇಲ್ಲಿಂದ ಹೋಯಿತೋ, ಕಲ್ಲು ಮಾತ್ರ ಹೋಯಿತೋ, ಮಣಿ ಮಾಡುವ ಕೈಗಳೇ ಹೋದವೋ ಅಂತ ಪುರಾತತ್ವದವರು ಈಗಲೂ ಚರ್ಚೆ ಮಾಡ್ತಾರೆ. ಅಂದ್ರೆ ರಾಜ, ದೇವಸ್ಥಾನ, ಸಂಸ್ಕೃತ ಯಾವುದೂ ಹೋಗುವ ಮೊದಲೇ ನಮ್ಮ ಕಡೆಯಿಂದ ಅಲ್ಲಿಗೆ ಮಣಿಯ ದಾರಿಯೊಂದು ಇತ್ತು.

ರಾಜರು, ದೇವಸ್ಥಾನಗಳು ಆಮೇಲೆ ಬಂದವು. ಅದೇ ಕರಾವಳಿಯಲ್ಲಿ ಚಂಪಾ ಎಂಬ ರಾಜ್ಯಗಳ ಸಾಲು ಹುಟ್ಟಿತು. ಡಾ ನಾಂಗ್‌ನಿಂದ ಸುಮಾರು 70 ಕಿಲೋಮೀಟರ್ ದೂರದ ಮಿ ಸೋನ್ ಕಣಿವೆಯಲ್ಲಿ ನಾಲ್ಕನೇ ಶತಮಾನದ ಕೊನೆಗೆ ಭದ್ರವರ್ಮ ಅನ್ನುವ ರಾಜ ಭದ್ರೇಶ್ವರ ಅಂತ ತನ್ನ ಹೆಸರು ಸೇರಿಸಿ ಶಿವನನ್ನು ಪ್ರತಿಷ್ಠಾಪಿಸಿದ. ಅಲ್ಲಿಂದ ಮುಂದೆ 13ನೇ ಶತಮಾನದವರೆಗೆ ಇಟ್ಟಿಗೆಯ ಗುಡಿಗಳು ಏಳುತ್ತಲೇ ಹೋದವು. 1999ರಲ್ಲಿ ಅದು ಯುನೆಸ್ಕೋ ಪಟ್ಟಿಗೆ ಸೇರಿತು.

ಇಲ್ಲಿ ನಮ್ಮವರು ಮಾಡುವ ಒಂದು ವಾದ ಇದೆಯಲ್ಲ, "ನೋಡಿ, ಅದೆಲ್ಲ ನಮ್ಮದೇ" ಅಂತ, ಅದರ ಬಗ್ಗೆ ಎರಡು ಮಾತು. ಮಿ ಸೋನ್ ಹತ್ತಿರದ ತ್ರಾ ಕಿಯು ಒಂದು ಕಾಲಕ್ಕೆ ಸಿಂಹಪುರ ಅನ್ನುವ ರಾಜಧಾನಿ. ಅಲ್ಲೇ ಸಮೀಪದ ಡೋಂಗ್ ಯೆನ್ ಚೌನಲ್ಲಿ ಒಂದು ಪುಟ್ಟ ಶಾಸನ ಸಿಕ್ಕಿದೆ. ಲಿಪಿ ನಮ್ಮ ಬ್ರಾಹ್ಮಿಯ ದಕ್ಷಿಣದ ಕವಲಿನದು, ಮಧ್ಯೆ ಮಧ್ಯೆ ಸಂಸ್ಕೃತದ ಪದಗಳೂ ಇವೆ, ಭಾಷೆ ಮಾತ್ರ ಚಾಮ್. ರಾಜನ ನಾಗನನ್ನು ಗೌರವಿಸಿದವರಿಗೆ ಒಳ್ಳೆಯದಾಗಲಿ, ಅವಮಾನ ಮಾಡಿದವರು ನರಕಕ್ಕೆ ಹೋಗಲಿ ಎಂಬ ಅರ್ಥದ ಮಾತುಗಳು. ನಮ್ಮ ಶಾಸನಗಳ ಕೊನೆಯ ಶಾಪ ನೆನಪಾಗುತ್ತೆ ಅಲ್ವಾ? ಇದರ ಕಾಲ ನಾಲ್ಕನೇ ಶತಮಾನದ ಕೊನೆ ಅಂತ ಸಾಮಾನ್ಯವಾಗಿ ಹೇಳ್ತಾರೆ. ಫಿಲಿಪೀನ್ಸ್, ಮಲಯ, ಜಾವಾ ಭಾಷೆಗಳೆಲ್ಲ ಸೇರಿದ ಆ ದೊಡ್ಡ ಕುಟುಂಬದಲ್ಲೇ ಬರೆದಿಟ್ಟ ಮೊದಲ ವಾಕ್ಯಗಳು ಇವು. ಇತ್ತ ನಮ್ಮ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು. ಅಂದ್ರೆ ಚಾಮರೂ ನಾವೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ, ಬ್ರಾಹ್ಮಿಯಿಂದ ಬಂದ ಅಕ್ಷರ ಹಿಡಿದು, ಸಂಸ್ಕೃತದ ಪಕ್ಕದಲ್ಲೇ ಕೂತು, ನಮ್ಮ ನಮ್ಮ ಮಾತನ್ನು ಕಲ್ಲಿನ ಮೇಲೆ ಬರೆಯೋಕೆ ಶುರು ಮಾಡಿದ್ದೇವೆ. ಕನ್ನಡಿಗನೊಬ್ಬ ಅಲ್ಲಿ ನಿಂತು ಹೆಮ್ಮೆ ಪಡೋದಾದ್ರೆ ಈ ಸಹಪಾಠಿತನಕ್ಕೆ ಪಡಬಹುದು. ಒಡೆತನ ಹೇಳೋಕೆ ಹೋದರೆ ಚಾಮರ ಸ್ವಂತ ಕೆಲಸವನ್ನೇ ಕಿತ್ತುಕೊಂಡ ಹಾಗೆ.

ಚಾಮರ ಕಥೆ ಕೊನೆಗೆ ಸುಖಾಂತವಾಗಲಿಲ್ಲ. 1471ರಲ್ಲಿ ಉತ್ತರದ ದಾಯ್ ವಿಯೆಟ್ ರಾಜ ಲೆ ಥಾನ್ ಟೋಂಗ್ ಅವರ ರಾಜಧಾನಿ ವಿಜಯವನ್ನು ಗೆದ್ದ. ಉಳಿದ ತುಂಡು ರಾಜ್ಯ ಪಾಂಡುರಂಗವನ್ನು 1832ರಲ್ಲಿ ಮಿನ್ ಮಾಂಗ್ ದೊರೆ ಅಳಿಸಿಹಾಕಿದ. ಹೆಸರು ಓದಿ ಪಂಢರಪುರ ನೆನಪಾದರೆ ಆಶ್ಚರ್ಯವಿಲ್ಲ, ನನಗೂ ಆಗಿತ್ತು. ಚಾಮರು ಈಗಲೂ ಇದ್ದಾರೆ, ವಿಯೆಟ್ನಾಂನಲ್ಲಿ ಉಳಿದವರಲ್ಲಿ ಹೆಚ್ಚಿನವರು ದಕ್ಷಿಣದ ಒಣ ಕರಾವಳಿಯಲ್ಲಿ. ಕೆಲವರು ಹಳೆಯ ಬ್ರಾಹ್ಮಣ ಪದ್ಧತಿಯವರು, ಕೆಲವರು ಮುಸ್ಲಿಮರು. ಮಿ ಸೋನ್ ಗುಡಿಗಳು 1969ರ ಆಗಸ್ಟ್‌ನಲ್ಲಿ ಅಮೆರಿಕನ್ ಬಾಂಬುಗಳಿಗೆ ಸಿಕ್ಕಿದವು. ಅಲ್ಲಿನ ಅತಿ ಎತ್ತರದ ಎ1 ಗೋಪುರ ಪುಡಿಯಾಯಿತು. ಯುದ್ಧ ಮುಗಿದ ಮೇಲೆ ಕಾಜಿಮಿಯೆಜ್ ಕ್ವಿಯಾಟ್ಕೋವ್‌ಸ್ಕಿ ಅನ್ನುವ ಪೋಲೆಂಡಿನ ವಾಸ್ತುಶಿಲ್ಪಿ ವರ್ಷಗಟ್ಟಲೆ ಕೂತು ಆ ಗುಡಿಗಳ ದುರಸ್ತಿ ನೋಡಿಕೊಂಡರು. 1997ರಲ್ಲಿ ವಿಯೆಟ್ನಾಂನಲ್ಲೇ ತೀರಿಕೊಂಡರು. ಆಮೇಲೆ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರೂ ಹೋಗಿ ಎ, ಹೆಚ್ ಮತ್ತು ಕೆ ಗುಂಪಿನ ಗುಡಿಗಳ ಕೆಲಸ ಮಾಡಿದರು. 2020ರಲ್ಲಿ ಅವರ ಕೆಲಸದ ನಡುವೆ ಒಂಬತ್ತನೇ ಶತಮಾನದ ಏಕಶಿಲೆಯ ಲಿಂಗ ಸಿಕ್ಕಿದ್ದು ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು.

ಇಷ್ಟೆಲ್ಲ ಕಥೆ ನಮಗೆ ಗೊತ್ತಾಗಿದ್ದು ಹೇಗೆ? ಯಾವ ಮಡಕೆ ಎಲ್ಲಿತ್ತು, ಎಷ್ಟು ಆಳದಲ್ಲಿತ್ತು, ಅದರ ಪಕ್ಕ ಯಾವ ಮಣಿ ಇತ್ತು ಅಂತ ಯಾರೋ ಬರೆದಿಟ್ಟಿದ್ದರಿಂದ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ವಸ್ತು ಅನ್ನೋದು ಡೇಟಾ, ಅದು ಎಲ್ಲಿಂದ ಬಂತು ಅನ್ನೋದು ಮೆಟಾಡೇಟಾ. ಮೆಟಾಡೇಟಾ ಕಳೆದುಕೊಂಡ ಫೈಲನ್ನು ತೆರೆದು ನೋಡಬಹುದು, ಚೆನ್ನಾಗಿದೆ ಅನ್ನಬಹುದು. ಅದನ್ನು ನಂಬಿ ಇನ್ನೊಂದು ತೀರ್ಮಾನಕ್ಕೆ ಬರೋಕಾಗಲ್ಲ.

ಖಾಸಗಿ ಸಂಗ್ರಹಗಳ ಕಷ್ಟ ಇರುವುದೇ ಇಲ್ಲಿ. ಜಗತ್ತಿನ ಯಾವ ಮೂಲೆಯಲ್ಲೇ ಆದರೂ ಸಂಗ್ರಹಕಾರನ ಕೈಗೆ ವಸ್ತು ಬರುವಷ್ಟರಲ್ಲಿ ಅದು ನಾಲ್ಕು ಕೈ ದಾಟಿರುತ್ತೆ. ಹೊಲ ಉಳುವಾಗ ಸಿಕ್ಕವನು, ಅವನಿಂದ ಕೊಂಡ ಗುಜರಿಯವನು, ಪೇಟೆಯ ವ್ಯಾಪಾರಿ, ಆಮೇಲೆ ಇವರು. ಮೊದಲ ಕೈಯಲ್ಲಿದ್ದ ಮಾಹಿತಿ ಎರಡನೇ ಕೈಗೇ ಬರೋದಿಲ್ಲ, ಯಾಕಂದ್ರೆ ಅದಕ್ಕೆ ಯಾರೂ ದುಡ್ಡು ಕೊಡಲ್ಲ.

ಹೋಯಿ ಆನ್ ಎದುರಿನ ಸಮುದ್ರದ ಉದಾಹರಣೆ ಕೇಳಿ. ಅಲ್ಲಿನ ಚಾಮ್ ದ್ವೀಪದ ಹತ್ತಿರ 1990ರ ದಶಕದಲ್ಲಿ ಮೀನುಗಾರರ ಬಲೆಗೆ ನೀಲಿ ಚಿತ್ರದ ಪಿಂಗಾಣಿ ಬಟ್ಟಲುಗಳು ಸಿಕ್ಕತೊಡಗಿದವು. ಕೆಳಗೆ 15ನೇ ಶತಮಾನದ ಹಡಗೊಂದು ಮುಳುಗಿತ್ತು, ತುಂಬ ಉತ್ತರ ವಿಯೆಟ್ನಾಂನ ಚು ಡೌ ಕಡೆಯ ಕುಲುಮೆಗಳ ಸರಕು. ಸುದ್ದಿ ಹರಡಿತು, ವ್ಯಾಪಾರಿಗಳು ಬಂದರು. 1997ರಿಂದ 1999ರವರೆಗೆ ಸರ್ಕಾರ, ಒಂದು ಮಲೇಷ್ಯಾ ಕಂಪನಿ ಮತ್ತು ಆಕ್ಸ್‌ಫರ್ಡ್‌ನ ಪುರಾತತ್ವಜ್ಞರು ಸೇರಿ ಹಡಗನ್ನು ಕ್ರಮವಾಗಿ ಶೋಧಿಸಿದರು. ಸಿಕ್ಕಿದ್ದು 2,40,000ಕ್ಕೂ ಹೆಚ್ಚು ವಸ್ತುಗಳು. ಅಪರೂಪದವು ವಿಯೆಟ್ನಾಂ ಮ್ಯೂಸಿಯಂಗಳಿಗೆ ಹೋದವು. ಉಳಿದವುಗಳಲ್ಲಿ ದೊಡ್ಡ ಪಾಲು 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಹರಾಜಾಯಿತು. ಇಬೇಯಲ್ಲೂ ಮಾರಾಟಕ್ಕಿತ್ತು! ಬಲೆಗೆ ಸಿಕ್ಕು ಹೋದ ಬಟ್ಟಲಿಗೂ ಶೋಧನೆಯಲ್ಲಿ ಎತ್ತಿದ ಬಟ್ಟಲಿಗೂ ನೋಡೋಕೆ ವ್ಯತ್ಯಾಸವಿಲ್ಲ. ಒಂದರ ಊರು, ಹಡಗು, ಕಾಲ ಗೊತ್ತು. ಇನ್ನೊಂದು ಬರೀ ಚೆಂದದ ಬಟ್ಟಲು.

ಈ ಎಲ್ಲ ಓಡಾಟದ ನಡುವೆ, 2001ರಲ್ಲಿ ವಿಯೆಟ್ನಾಂ ತನ್ನ ಸಾಂಸ್ಕೃತಿಕ ಪರಂಪರೆಯ ಕಾನೂನು ಮಾಡಿತು. ಕಮ್ಯುನಿಸ್ಟ್ ಪಕ್ಷ ಆಳುವ ದೇಶವೊಂದು, ಹಳೆಯ ವಸ್ತು ಖಾಸಗಿಯವರ ಒಡೆತನದಲ್ಲಿ ಇರಬಹುದು, ಅವರು ಮ್ಯೂಸಿಯಂ ತೆರೆಯಬಹುದು ಅಂತ ಒಪ್ಪಿಕೊಂಡಿತು. ಡೋಂಗ್ ಡಿನ್‌ನಂಥ ಜಾಗಗಳು ಹುಟ್ಟಿದ್ದು ಈ ಬಾಗಿಲು ತೆರೆದ ಮೇಲೆ. ನಮ್ಮಲ್ಲಿ 1972ರ ಕಾಯ್ದೆ ಇದೆ, 1976ರಲ್ಲಿ ಜಾರಿಗೆ ಬಂತು. ನೂರು ವರ್ಷ ದಾಟಿದ ಶಿಲ್ಪ, ಚಿತ್ರ ಮನೆಯಲ್ಲಿದ್ದರೆ ನೋಂದಾಯಿಸಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಆದರೆ ಕೊಳಗ, ಒನಕೆ, ಮೀನು ಹಿಡಿಯುವ ಬುಟ್ಟಿಯನ್ನು ನೋಂದಾಯಿಸೋಕೆ ಯಾರು ಹೋಗ್ತಾರೆ? ಅವು ಯಾವ ಕಾನೂನಿನ ಕಣ್ಣಿಗೂ ಬೀಳದೆ ಒಲೆಗೆ ಹೋಗುತ್ತವೆ. ಹಾಗಾಗಿ ಅವುಗಳನ್ನು ಎತ್ತಿಟ್ಟುಕೊಳ್ಳುವ ಒಬ್ಬ ಖಾಸಗಿ ಹುಚ್ಚನ ಅಗತ್ಯ ಇದ್ದೇ ಇದೆ. ಕೂಡಿಟ್ಟದ್ದಕ್ಕೆ ಕೃತಜ್ಞನಾಗಿರುವುದು, ಎಲ್ಲಿಂದ ಬಂತು ಅಂತ ಕೇಳುವುದು, ಎರಡೂ ಒಟ್ಟಿಗೇ ಆಗಬೇಕು ಅಂತ ನನಗನ್ನಿಸುತ್ತೆ.

ಮೀನುಗಾರರ ಹಳ್ಳಿಯ ನೆನಪಿಗಾಗಿ ಮಾಡಿದ ಭಾಗದಲ್ಲಿ ಇದು ನನಗೆ ಇನ್ನೂ ಹತ್ತಿರದಿಂದ ತಟ್ಟಿತು. ಡಾ ನಾಂಗ್ ಈಗ ಕಡಲ ದಂಡೆಯ ಉದ್ದಕ್ಕೂ ಹೋಟೆಲ್ ಗೋಪುರಗಳ ಊರು. ಅದೇ ದಂಡೆಯಲ್ಲಿ ಇದ್ದದ್ದು ಬಲೆ, ದೋಣಿ, ಮೀನಿನ ಸಾರ ಇಳಿಸುವ ಜಾಡಿಗಳ ಬದುಕು. ಅಲ್ಲಿನವರ ಬುಟ್ಟಿದೋಣಿ ನಮ್ಮ ಹರಿಗೋಲಿನ ಥರವೇ ದುಂಡಗೆ. ಬಿದಿರು ಹೆಣೆದು, ಸಂದಿಗೆ ಸಗಣಿ ಮೆತ್ತಿ, ಮೇಲೆ ಮರದ ರಾಳ ಬಳಿದರೆ ನೀರು ಒಳಗೆ ಬರಲ್ಲ. ನಮ್ಮವರು ಹರಿಗೋಲಿಗೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ಕು, ಟಾರು. ಹರಿಗೋಲು ಹೊಳೆಯದ್ದು, ಇದು ಸಮುದ್ರದ ಅಲೆಯ ಮೇಲೆ ಹೋಗುತ್ತೆ.

ಅಲ್ಲೊಂದು ಬಿದಿರಿನ ಮೀನುಬುಟ್ಟಿ ಕಂಡಿತು. ಉದ್ದನೆಯದು, ಬಾಯಿಯ ಒಳಗೆ ಚೂಪಾದ ಕಡ್ಡಿಗಳ ಕೊಳವೆ. ಅಮ್ಮನಿಗೆ ವೀಡಿಯೋ ಕಾಲ್ ಮಾಡಿ ತೋರಿಸಿದೆ.

"ಇದು ಕೂಣಿ ಅಲ್ಲೇನೋ? ಅಲ್ಲೂ ಕೂಣಿ ಹಾಕ್ತಾರಾ?" ಅಂದರು ಅಮ್ಮ.

"ಹೌದಂತೆ ಕಣಮ್ಮ."

"ಕಡ್ಡಿ ಬಾಳ ಬಿಡಿ ಆಯ್ತು ಮಾರಾಯ. ನಮ್ಮ ಮೀನಾಗಿದ್ರೆ ತಪ್ಪಿಸ್ಕೊಂಡು ಹೋಗ್ತಿತ್ತು. ದೊಡ್ಡ ಮೀನಿಗೆ ಮಾಡಿರ್ಬೇಕು. ಅದನ್ನ ನೀರು ಬರೋ ಕಡೆ ಬಾಯಿ ಮಾಡಿ ಇಡ್ತಾರೋ, ಹೋಗೋ ಕಡೆನೋ ಕೇಳು."

ನನ್ನ ಎದುರಿಗಿದ್ದ ಬುಟ್ಟಿಯ ಬಗ್ಗೆ ನಾನು ಹತ್ತು ನಿಮಿಷದಲ್ಲಿ ಕಾಣದ್ದನ್ನು ಅಮ್ಮ ಫೋನಿನ ಪರದೆಯಲ್ಲಿ ಹತ್ತು ಸೆಕೆಂಡಿನಲ್ಲಿ ಕಂಡಿದ್ದರು. ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಗದ್ದೆಗೆ ಏರಿ ಬರುವಾಗ ಕೂಣಿಯ ಬಾಯಿ ಯಾವ ಕಡೆ, ಮೀನು ವಾಪಸ್ ಇಳಿಯುವಾಗ ಯಾವ ಕಡೆ ಅಂತ ಅವರಿಗೆ ಗೊತ್ತು. ನನಗೆ ಕೂಣಿ ಅನ್ನುವ ಪದ ಗೊತ್ತು. ನನ್ನ ಮಗಳಿಗೆ ಪದವೂ ಗೊತ್ತಿಲ್ಲ. ಮಡಕೆ ಎರಡು ಸಾವಿರ ವರ್ಷ ಮರಳಿನಲ್ಲಿ ಕಾಯಬಲ್ಲದು. ಈ ಥರದ ತಿಳುವಳಿಕೆ ಎರಡು ತಲೆಮಾರು ಕಾಯಲ್ಲ.

ಇದನ್ನು ಯಾಕೆ ಹೇಳ್ತಿದ್ದೀನಿ ಅಂದ್ರೆ, ಊರಿನ ನಮ್ಮ ಮನೆಯನ್ನು ಬರುವ ಬೇಸಿಗೆಯಲ್ಲಿ ಕೀಳ್ತಾರೆ. ಮುತ್ತಜ್ಜ ಕಟ್ಟಿಸಿದ ತೊಟ್ಟಿಮನೆ. ಪಾಲಾಗಿ ಮೂರು ಭಾಗ, ವಾಸ ಇರೋದು ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ. ಪ್ರತಿ ಮಳೆಗಾಲಕ್ಕೂ ಹೆಂಚು ಕೈಯಾಡಿಸೋಕೆ ಆಳು ಸಿಗಲ್ಲ, ಪಕಾಸು ಗೆದ್ದಲು ಹಿಡಿದಿದೆ. ಚಿಕ್ಕಪ್ಪನ ಮಾತು ಸರಳ: "ನೀವೆಲ್ಲ ಹಬ್ಬಕ್ಕೆ ಬಂದು ಫೋಟೋ ಹೊಡ್ಕೊಂಡು ಹೋಗ್ತೀರಿ. ಸೋರೋ ಮನೇಲಿ ಮಲಗೋರು ನಾವು ಕಣೋ." ಇದಕ್ಕೆ ಎದುರು ಹೇಳುವ ಮಾತು ನನ್ನ ಹತ್ತಿರ ಇಲ್ಲ. ಕಂಬ, ಹೆಬ್ಬಾಗಿಲು ನೋಡೋಕೆ ಬೆಂಗಳೂರಿನಿಂದ ಒಬ್ಬರು ಬಂದು ಹೋಗಿದ್ದಾರೆ. ಯಾವುದೋ ಹೋಂಸ್ಟೇಗೋ ಹೋಟೆಲಿಗೋ ಹೋಗುತ್ತವೆ. ಒಲೆಗೆ ಹೋಗೋದಕ್ಕಿಂತ ವಾಸಿ. ಹೋದ ಮೇಲೆ ಅಲ್ಲಿ ಊಟಕ್ಕೆ ಬಂದವರು ಕಂಬ ಮುಟ್ಟಿ "ಆಂಟೀಕ್" ಅನ್ನುತ್ತಾರೆ, ಅಷ್ಟೇ.

ಸೋನ್ ತ್ರಾದಿಂದ ಬಂದ ಮೇಲೆ ಒಂದು ಕೆಲಸ ಶುರು ಮಾಡಿದೆ. ದೊಡ್ಡ ಯೋಜನೆ ಏನಲ್ಲ, ಒಂದು ಸ್ಪ್ರೆಡ್‌ಶೀಟ್. ಒಂದೊಂದು ಸಾಲಿಗೆ ಒಂದು ವಸ್ತು. ಕಾಲಂಗಳು: ಹೆಸರು, ಮನೆಯಲ್ಲಿ ಎಲ್ಲಿತ್ತು, ಯಾವುದರಿಂದ ಮಾಡಿದ್ದು, ಯಾರು ಮಾಡಿದ್ದು, ಹೇಗೆ ಬಳಸೋದು, ಕೊನೆಯ ಸಲ ಬಳಸಿದ್ದು ಯಾವಾಗ. ಪ್ರತಿ ಭಾನುವಾರ ಸಂಜೆ ಅಮ್ಮ ಫೋನ್ ಹಿಡಿದು ಒಂದೊಂದು ಕೋಣೆಗೆ ಹೋಗ್ತಾರೆ, ನಾನು ಟೈಪ್ ಮಾಡ್ತೀನಿ, ಅವರ ಮಾತನ್ನು ರೆಕಾರ್ಡ್ ಮಾಡ್ಕೊಳ್ತೀನಿ. ಪಣತ, ಕಳಸಿಗೆ, ಕೊಳಗ, ಗೊರಬು, ಕೂಣಿ. ತಂಗಿ ಊರಿಗೆ ಹೋದಾಗ ಟೇಪ್ ಹಿಡಿದು ಕೋಣೆಗಳ ಅಳತೆ ತೆಗೆದು ನಕ್ಷೆ ಬರೆದಿದ್ದಾಳೆ. ಮೊದಲು ನಗಾಡಿದ ಚಿಕ್ಕಪ್ಪ ಈಗ ತಾವೇ ಫೋನ್ ಮಾಡಿ "ನೊಗದ ಬಗ್ಗೆ ಬರ್ಕೊಂಡ್ಯೇನೋ? ನಿಮ್ಮಮ್ಮಂಗೆ ಅದು ಗೊತ್ತಿರಲ್ಲ" ಅಂತಾರೆ. ಕಂಬ ಕೊಳ್ಳುವವರಿಗೆ ಒಂದು ಷರತ್ತು ಹಾಕಲು ಒಪ್ಪಿದ್ದಾರೆ: ಪ್ರತಿ ಕಂಬದ ಜೊತೆ ಒಂದು ಕಾಗದ ಕೊಡುತ್ತೇವೆ, ಅದು ಕಂಬದ ಜೊತೆಗೇ ಇರಬೇಕು. ಇಡ್ತಾರೋ ಇಲ್ಲವೋ ನಮ್ಮ ಕೈಯಲ್ಲಿಲ್ಲ.

ನಿಮ್ಮ ಊರಿನ ಮನೆ ಇನ್ನೂ ನಿಂತಿದ್ದರೆ, ಅಥವಾ ಮನೆ ಹೋಗಿ ಅಜ್ಜಿ ಮಾತ್ರ ಉಳಿದಿದ್ದರೆ, ಈ ಭಾನುವಾರ ಶುರು ಮಾಡಬಹುದು. ಎಲ್ಲರೂ ಕಾಡಿನಲ್ಲಿ ಮ್ಯೂಸಿಯಂ ಕಟ್ಟೋಕಾಗಲ್ಲ. ಆರು ಕಾಲಂ ತುಂಬಿಸೋಕೆ ಯಾರಿಗಾದರೂ ಆಗುತ್ತೆ.

ನಮ್ಮ ಶೀಟಿನಲ್ಲಿ ಈಗ 140 ಸಾಲುಗಳಿವೆ. ತೊಟ್ಟಿಯ ನಾಲ್ಕು ಕಂಬಗಳ ಎದುರು 'ಯಾರು ಮಾಡಿದ್ದು' ಅನ್ನುವ ಕಾಲಂ ಮಾತ್ರ ಖಾಲಿ. ಮುತ್ತಜ್ಜನ ಹೆಸರು ಎಲ್ಲರಿಗೂ ಗೊತ್ತು, ಕೆತ್ತಿದವರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೊಳೆಯಾಚೆಯ ಊರಿನಲ್ಲಿ ಎಂಬತ್ತೈದು ದಾಟಿದ ಆಚಾರಿ ಒಬ್ಬರಿದ್ದಾರೆ, ಅವರ ಅಜ್ಜ ಈ ಕಡೆಯ ಮನೆಗಳಿಗೆಲ್ಲ ಕೆಲಸ ಮಾಡಿದವರಂತೆ. ದೀಪಾವಳಿಗೆ ಊರಿಗೆ ಹೋದಾಗ ಮೊದಲ ದಿನವೇ ಅವರ ಮನೆಗೆ ಹೋಗಬೇಕು.